ಗೂಡು ಕಾಯುವ ಅಪ್ಪ ಮೀನು

ಮಕ್ಕಳೇ, ನಿಮ್ಮಲ್ಲಿ ಗಾಳ ಹಾಕಿ ಮೀನು ಹಿಡಿದವರು ಎಷ್ಟು ಜನ? ಕೈ ಎತ್ತಿ ನೋಡೋಣ. ಅಜ್ಜಂದಿರು ಎತ್ತುವುದು ಬೇಡ. ನೀವು ಹಿಡಿದಿದ್ದೀರಿ ಅಂತ ಗೊತ್ತು, ಶಾಲೆಗೆ ಚಕ್ಕರ್ ಹೊಡೆದು ಹಿಡಿದದ್ದೂ ಗೊತ್ತು.

ಹೋದ ವರ್ಷ ಮಾರ್ಚ್‌ನಲ್ಲಿ ನಾನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೆ. ಮಗಳ ಮನೆ ಇರುವುದು ಡಲ್ಲಾಸ್ ಊರಿನ ಹೊರಗೆ. ಹತ್ತು ವರ್ಷದ ಮೊಮ್ಮಗನಿಗೆ ಆಗ ಒಂದು ವಾರ ರಜೆ. "ಅಜ್ಜ, ನಿನಗೆ ಬಾಸ್ ತೋರಿಸ್ತೀನಿ ಬಾ" ಅಂದ. ಬಾಸ್ ಅಂದರೆ ಅವರಪ್ಪನ ಕಚೇರಿಯ ಯಜಮಾನ ಅಂದುಕೊಂಡೆ. ಅಲ್ಲವಂತೆ, ಅದು ಮೀನು. ಪೂರ್ತಿ ಹೆಸರು ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡ ಬಾಯಿಯ ಬಾಸ್. ಹೆಸರಿಗೆ ತಕ್ಕ ಬಾಯಿಯೇ. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಮೈ ಹಸಿರು, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ. ಸಣ್ಣ ಮೀನು, ಕಪ್ಪೆ, ಏನು ಸಿಕ್ಕರೂ ಗಬಕ್ಕನೆ ಒಳಗೆ ಎಳೆದುಕೊಳ್ಳುತ್ತದೆ.

ನಾವು ಹೋದದ್ದು ಲೇಕ್ ಫೋರ್ಕ್ ಎಂಬಲ್ಲಿಗೆ. ಡಲ್ಲಾಸ್‌ನಿಂದ ಪೂರ್ವಕ್ಕೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಹೆಸರಿಗೆ ಸರೋವರ, ನಿಜದಲ್ಲಿ ಅಣೆಕಟ್ಟೆಯ ನೀರು. 1980ರಲ್ಲಿ ತುಂಬಲು ಶುರುವಾಯಿತು. ವಿಸ್ತಾರ ಸುಮಾರು 27,000 ಎಕರೆ. ಕಟ್ಟುವಾಗ ಅಲ್ಲಿದ್ದ ಕಾಡಿನ ಬಹುಪಾಲನ್ನು ಕಡಿಯದೆ ಹಾಗೇ ಬಿಟ್ಟರಂತೆ. ನಮ್ಮ ಲಿಂಗನಮಕ್ಕಿ ಹಿನ್ನೀರಿನಲ್ಲಿ ಬೇಸಿಗೆಗೆ ಬೊಡ್ಡೆಗಳು ತಲೆ ಎತ್ತುತ್ತವಲ್ಲ, ಹಾಗೆ ಇಲ್ಲಿ ನೀರಿನ ನಡುವೆ ಒಣಮರಗಳು ನಿಂತಿವೆ. ಅವುಗಳ ಬುಡವೇ ಬಾಸ್‌ಗೆ ಮನೆ. ಟೆಕ್ಸಾಸ್ ರಾಜ್ಯದ ಅತಿ ದೊಡ್ಡ ಬಾಸ್ 1992ರಲ್ಲಿ ಸಿಕ್ಕಿದ್ದು ಇದೇ ನೀರಿನಲ್ಲಿ. ತೂಕ ಎಂಟು ಕೆ.ಜಿ.ಗೂ ಹೆಚ್ಚು!

ಅಳಿಯ ತನ್ನ ಗೆಳೆಯನ ದೋಣಿ ತಂದಿದ್ದ. ಅವನ ಬಳಿ ಮೀನು ಹಿಡಿಯುವ ಪರವಾನಗಿ ಚೀಟಿ ಇತ್ತು. ಅಲ್ಲಿ 17 ತುಂಬದ ಮಕ್ಕಳಿಗೆ ಅದು ಬೇಕಿಲ್ಲ. ನನ್ನ ಬಳಿ ಇರಲಿಲ್ಲ, ಹಾಗಾಗಿ ನನಗೆ ಸುಮ್ಮನೆ ಕೂತು ಉಪದೇಶ ಮಾಡುವ ಕೆಲಸ. ಅದು ನನಗೆ ಚೆನ್ನಾಗಿ ಬರುತ್ತದೆ.

ಹೋಗುವ ದಾರಿಯಲ್ಲಿ ಅಳಿಯ ಒಂದು ಮಾತು ಹೇಳಿದ. "ಮಾವ, ಇಲ್ಲಿ ಮೊದಲು ಕ್ಯಾಲೆಂಡರ್ ನೋಡಬೇಕು, ಆಮೇಲೆ ಗಾಳ." ಮೀನಿನದು ತಣ್ಣನೆ ರಕ್ತ. ನೀರು ಎಷ್ಟು ಬೆಚ್ಚಗೋ ಅದರ ಮೈಯೂ ಅಷ್ಟೇ ಬೆಚ್ಚಗೆ. ಚಳಿಗಾಲದಲ್ಲಿ ಅದು ಆಳಕ್ಕಿಳಿದು ಮಂಕಾಗಿ ಬಿದ್ದಿರುತ್ತದೆ. ಹೆಚ್ಚು ತಿನ್ನುವುದಿಲ್ಲ, ಮೂಗಿನ ಮುಂದೆ ನಿಧಾನಕ್ಕೆ ಎಳೆದರೆ ಮಾತ್ರ ಬಾಯಿ ತೆರೆದೀತು. ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ದಡಕ್ಕೆ ಬಂದು ಬೇಟೆಯಾಡುತ್ತದೆ, ಮಧ್ಯಾಹ್ನ ಆಳಕ್ಕೋ ನೆರಳಿಗೋ ಹೋಗುತ್ತದೆ. ಟೆಕ್ಸಾಸ್‌ನ ಮಧ್ಯಾಹ್ನ ನಮ್ಮ ರಾಯಚೂರಿನ ಮಧ್ಯಾಹ್ನದ ತಮ್ಮ, ಮೀನನ್ನು ದೂರಿ ಫಲವಿಲ್ಲ. ಚಳಿಗಾಲಕ್ಕೆ ಮುಂಚೆ ಸಣ್ಣ ಮೀನುಗಳ ಹಿಂಡು ಹಳ್ಳಗಳ ಬಾಯಿಗೆ ಸೇರುವಾಗ ಬಾಸ್‌ಗಳೂ ಬೆನ್ನಟ್ಟಿ ಬಂದು ಹೊಟ್ಟೆ ಬಿರಿಯೆ ತಿನ್ನುತ್ತವೆ.

ಈ ಮೂರು ಕಾಲದಲ್ಲಿ ಗಾಳಕ್ಕೆ ಬೀಳುವ ಬಾಸ್ ಹೆಚ್ಚಾಗಿ ಹಸಿವಿಗೆ ಬೀಳುತ್ತದೆ. ವಸಂತದಲ್ಲಿ ಹಾಗಲ್ಲ. ನಾವು ಹೋದದ್ದು ವಸಂತದಲ್ಲಿ.

ನೀರು ಹದಿನೈದು ಹದಿನಾರು ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಯಿತೆಂದರೆ ಗಂಡು ಬಾಸ್ ದಡದ ಹತ್ತಿರ ಬರುತ್ತದೆ. ಸೊಂಟದಷ್ಟು ಆಳ, ಕೆಲವು ಕಡೆ ಮೊಣಕಾಲಿನಷ್ಟೇ. ಅಲ್ಲಿ ಬಾಲವನ್ನೇ ಪೊರಕೆ ಮಾಡಿಕೊಂಡು ಕೆಸರು ಗುಡಿಸಿ, ಗಟ್ಟಿ ನೆಲ ಕಾಣುವವರೆಗೆ ಒಂದು ದುಂಡನೆಯ ತಗ್ಗು ಮಾಡುತ್ತದೆ. ಅದೇ ಗೂಡು. ಹೆಣ್ಣು ಬಂದು ಸಾವಿರಾರು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಮೊಟ್ಟೆಗೆ ನೀರಾಡುವಂತೆ ರೆಕ್ಕೆ ಬೀಸುವುದು, ಬಂದವರನ್ನು ಅಟ್ಟುವುದು, ಮರಿ ಹೊರಬಂದ ಮೇಲೂ ಕೆಲವು ದಿನ ಕಾಯುವುದು, ಎಲ್ಲ ಅಪ್ಪನ ಪಾಲು. ಆ ದಿನಗಳಲ್ಲಿ ಅಪ್ಪನಿಗೆ ಊಟದ ಕಡೆ ಗಮನವೇ ಇರುವುದಿಲ್ಲ.

ಬಿಸಿಲಿನ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ತಿಳಿನೀರಿನ ತಳದಲ್ಲಿ ಊಟದ ತಟ್ಟೆಗಿಂತ ದೊಡ್ಡದಾದ ಬಿಳಿ ವೃತ್ತ, ಅದರ ಮೇಲೆ ಅಲ್ಲಾಡದೆ ನಿಂತ ಹಸಿರು ನೆರಳು. ಸುತ್ತ ಒಂದು ಮಾರು ದೂರದಲ್ಲಿ ಅಂಗೈಯಗಲದ ನಾಲ್ಕೈದು ಮೀನುಗಳು ಸುಳಿದಾಡುತ್ತಿದ್ದವು. ಬ್ಲೂಗಿಲ್ ಎನ್ನುತ್ತಾರೆ. ಮದುವೆ ಮನೆಯಲ್ಲಿ ಪಂಕ್ತಿ ಏಳುವುದನ್ನೇ ಕಾಯುವವರಿರುತ್ತಾರಲ್ಲ, ಹಾಗಿತ್ತು ಅವುಗಳ ನಿಲುವು.

ಮೊಮ್ಮಗ ರಬ್ಬರ್ ಎರೆಹುಳು ಸಿಕ್ಕಿಸಿದ ಗಾಳವನ್ನು ಎಸೆದ. ಅದು ಗೂಡಿನ ನಡುವೆ ಬಿತ್ತು. ಬಾಸ್ ಅದನ್ನು ಬಾಯಲ್ಲಿ ಕಚ್ಚಿ ಗೂಡಿನ ಹೊರಗೆ ತಂದು ಉಗುಳಿತು! ಕಸ ಹೊರಗೆ ಹಾಕಿದಂತೆ. ಮತ್ತೆ ಎಸೆದ, ಮತ್ತೆ ಕಚ್ಚಿತು. ಈ ಸಲ ಹುಡುಗ ಸರಿಯಾದ ಹೊತ್ತಿಗೆ ಎಳೆದ. ದೋಣಿ ಅಲ್ಲಾಡಿತು, ನಾನು "ಬಿಡಬೇಡ, ಬಿಡಬೇಡ" ಎಂದು ಕೂಗಿದೆ.

ಅಳಿಯ ಕೈ ಒದ್ದೆ ಮಾಡಿಕೊಂಡು ಮೀನಿನ ಕೆಳದುಟಿ ಹಿಡಿದು ಎತ್ತಿದ. ಒಣಗಿದ ಕೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆಮೇಲೆ ಅದಕ್ಕೆ ರೋಗ ಹತ್ತಬಹುದು. ಅಳತೆ ಹಲಗೆಯ ಮೇಲೆ ಇಟ್ಟಾಗ 14 ಇಂಚು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್ ಸಿಕ್ಕರೆ ಬಿಡಲೇಬೇಕು, ಅದು ಕಾನೂನು. ಹದಿನಾಲ್ಕಾದರೆ ಮನೆಗೆ ಒಯ್ಯಬಹುದು. ಟೆಕ್ಸಾಸ್‌ನಲ್ಲಿ ಬಾಸ್ ಹಿಡಿಯಲು ವರ್ಷದಲ್ಲಿ ರಜೆಯ ಕಾಲವೂ ಇಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಹೊತ್ತು ಎಂದು. ಇಲ್ಲಿ ಬಾಸ್‌ಗೆ ಅಂಥ ರಜೆ ಇಲ್ಲ.

"ಅಪ್ಪ, ತಗೊಂಡು ಹೋಗೋಣ. ಅಜ್ಜಿ ಖಾರ ಅರೀತೀನಿ ಅಂದಿದಾರೆ" ಎಂದ ಹುಡುಗ. ಅವನು ಸ್ವಂತವಾಗಿ ಹಿಡಿದ ಮೊದಲ ಬಾಸ್ ಅದು. ಅಳಿಯ ಮಾತಾಡಲಿಲ್ಲ, ನನ್ನ ಮುಖ ನೋಡಿದ.

ನಾನು ನೋಡುತ್ತಿದ್ದದ್ದು ನೀರನ್ನು. ಬ್ಲೂಗಿಲ್‌ಗಳು ಆಗಲೇ ಬಿಳಿ ವೃತ್ತದೊಳಗೆ ನುಗ್ಗಿದ್ದವು. ತಲೆ ಕೆಳಗೆ, ಬಾಲ ಮೇಲೆ.

ಮಕ್ಕಳೇ, ಇದನ್ನು ನಾನು ಮೊದಲೇ ನೋಡಿದ್ದೆ. ನಮ್ಮೂರು ಕೋಲಾರದ ಕಡೆ. ಮಳೆ ಬಂದು ಕೆರೆ ತುಂಬಿದ ವರ್ಷ ಕೊರಮೀನು ಮರಿ ಮಾಡುತ್ತಿತ್ತು. ಹಾವಿನ ತಲೆಯಂಥ ತಲೆ ಅದರದು. ಅದರ ಮರಿಗಳು ಕೆಂಪಗೆ, ನೂರಾರು ಒಟ್ಟಿಗೆ, ಉಸಿರು ತೆಗೆಯಲು ನೀರಿನ ಮೇಲಕ್ಕೆ ಬರುತ್ತವೆ. ದೂರದಿಂದ ನೋಡಿದರೆ ಕುಂಕುಮ ಚೆಲ್ಲಿದ ಹಾಗೆ. ಅವುಗಳ ಅಡಿಯಲ್ಲಿ ದೊಡ್ಡ ಮೀನು ಕಾವಲಿರುತ್ತದೆ. ನಾವು ಹುಡುಗರು ಆ ಕೆಂಪಿನ ನಡುವೆಯೇ ಕಪ್ಪೆಮರಿ ಕಟ್ಟಿದ ಗಾಳ ಬಿಡುತ್ತಿದ್ದೆವು. ಮರಿಗಳ ಮೇಲೆ ಏನೋ ಬಿತ್ತೆಂದು ಅದು ಹಾರಿ ಕಚ್ಚುತ್ತಿತ್ತು. ತಪ್ಪಿದ್ದೇ ಇಲ್ಲ. ಒಂದು ಸಲ ನಾನು ಹಾಗೆ ಹಿಡಿದು, ಮನೆಗೆ ಕೊಟ್ಟು, ಸಂಜೆ ಮತ್ತೆ ಕೆರೆಗೆ ಹೋದೆ. ಕೆಂಪು ಚದುರಿಹೋಗಿತ್ತು. ಅಲ್ಲೊಂದು ಇಲ್ಲೊಂದು ಮರಿ. ನೀರುಕಾಗೆಯೊಂದು ಆರಾಮಾಗಿ ಈಜುತ್ತಿತ್ತು. ಅವತ್ತು ರಾತ್ರಿ ಸಾರು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಅರವತ್ತು ವರ್ಷ ಆದರೂ ಆ ಸಂಜೆಯ ನೀರು ಮಾತ್ರ ಮರೆತಿಲ್ಲ.

ಇಷ್ಟನ್ನು ದೋಣಿಯಲ್ಲಿ ಹೇಳಲು ಹೊತ್ತಿರಲಿಲ್ಲ. "ಪುಟ್ಟಾ, ಅಲ್ಲಿ ನೋಡು" ಅಂತ ಗೂಡಿನ ಕಡೆ ಬೆರಳು ತೋರಿಸಿದೆ, ಅಷ್ಟೇ. ಅವನು ನೋಡಿದ. ಮೀನನ್ನು ನೋಡಿದ. ಕಣ್ಣಲ್ಲಿ ನೀರು ಬಂತು, ಕೋಪವೂ ಇತ್ತು. "ಬೇಗ ಬಿಡು ಅಪ್ಪ" ಅಂದ.

ಬೇಗ ಎನ್ನುವುದೇ ಇಲ್ಲಿ ಮುಖ್ಯ. ಹಿಡಿದಲ್ಲೇ ಕೂಡಲೇ ಬಿಟ್ಟರೆ ಗಂಡು ಹೆಚ್ಚಾಗಿ ಗೂಡಿಗೆ ಹಿಂದಿರುಗುತ್ತದೆ. ದೋಣಿಯ ನೀರಿನ ತೊಟ್ಟಿಯಲ್ಲಿ ಇಟ್ಟುಕೊಂಡು, ಅಲ್ಲಿಲ್ಲಿ ಸುತ್ತಿ, ದೂರದಲ್ಲೆಲ್ಲೋ ಬಿಟ್ಟರೆ ಗೂಡನ್ನೇ ಕೈಬಿಡುವುದುಂಟು.

ನೀರಿಗೆ ಬಿಟ್ಟ ಮೀನು ಒಂದು ಕ್ಷಣ ದೋಣಿಯ ನೆರಳಲ್ಲೇ ನಿಂತಿತು. ಆಮೇಲೆ ಕಾಣಲಿಲ್ಲ. ನಾವು ಮೂವರೂ ಉಸಿರು ಬಿಗಿಹಿಡಿದು ಕೂತೆವು. ಎರಡು ನಿಮಿಷ ಆಗಿರಬೇಕು, ನನಗಂತೂ ಅರ್ಧ ಗಂಟೆ ಅನ್ನಿಸಿತು. ಇದ್ದಕ್ಕಿದ್ದಂತೆ ಬ್ಲೂಗಿಲ್‌ಗಳು ದಿಕ್ಕಾಪಾಲಾಗಿ ಓಡಿದವು. ಹಸಿರು ನೆರಳು ಬಿಳಿ ವೃತ್ತದ ಮೇಲೆ ಬಂದು ನಿಂತು, ರೆಕ್ಕೆ ಬೀಸತೊಡಗಿತು. ಎಷ್ಟು ಮೊಟ್ಟೆ ಉಳಿದಿದ್ದವೋ ಅದಕ್ಕೇ ಗೊತ್ತು.

ಮಧ್ಯಾಹ್ನದವರೆಗೆ ಆಳದ ಮರಗಳ ನಡುವೆ ಗಾಳ ಹಾಕಿದೆವು. ಏನೂ ಬೀಳಲಿಲ್ಲ. ಮನೆಗೆ ಬಂದಾಗ ಅಜ್ಜಿ ಖಾರ ಅರೆದಿಟ್ಟು ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿ ಮೀನು?" ಅಂದಳು. "ಮನೆಯಲ್ಲಿ ಮಕ್ಕಳಿದಾರಂತೆ ಅಜ್ಜಿ, ಬರೋಕಾಗಲ್ಲ ಅಂತು" ಎಂದ ಮೊಮ್ಮಗ. ಆ ಖಾರಕ್ಕೆ ಅವತ್ತು ಆಲೂಗಡ್ಡೆ ಬಿತ್ತು.