ಗೂಂಡಾ ಬಡವರ ಬಂಧುವಲ್ಲ

ಅಮೆರಿಕದ ಗೂಂಡಾ ಅಲ್ ಕಪೋನ್ ಸತ್ತದ್ದು 1947ರಲ್ಲಿ. ಆದರೆ ಸಿನಿಮಾ ಅವನನ್ನು ಸಾಯಗೊಟ್ಟಿಲ್ಲ. 1932ರ 'ಸ್ಕಾರ್‌ಫೇಸ್'ನಿಂದ 1987ರ 'ದಿ ಅನ್‌ಟಚಬಲ್ಸ್'ವರೆಗೆ ಅವನ ಟೋಪಿ, ಚುಟ್ಟ, ಠೀವಿಗಳದೇ ಮೆರವಣಿಗೆ.

1930ರಲ್ಲಿ ಷಿಕಾಗೊದ ನಿರುದ್ಯೋಗಿಗಳಿಗೆ ಗಂಜಿಕೇಂದ್ರ ತೆರೆದನಂತೆ. ಆದ್ದರಿಂದ ಬಡವರ ಬಂಧುವಂತೆ! ನಾವು ಕೇಳುತ್ತೇವೆ: ಆ ಗಂಜಿಯ ಹಣ ಎಲ್ಲಿಯದು? 1920ರಿಂದ 1933ರವರೆಗೆ ಅಲ್ಲಿ ಪಾನನಿರೋಧವಿತ್ತು. ಕಳ್ಳಮದ್ಯ ಮಾರಿ, ಪೊಲೀಸರನ್ನು ಕೊಂಡು, ಅಂಗಡಿಕಾರರನ್ನು ಬೆದರಿಸಿ ಕೂಡಿಹಾಕಿದ ಹಣವದು. 1929ರ ಫೆಬ್ರವರಿ 14ರಂದು ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಲಾಯಿತು. ಆ ಕೊಲೆಗಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. 1931ರಲ್ಲಿ ಕಪೋನನಿಗೆ 11 ವರ್ಷ ಸಜೆಯಾದದ್ದು ಆದಾಯ ತೆರಿಗೆ ತಪ್ಪಿಸಿದ್ದಕ್ಕೆ! ಬಂಡವಾಳಶಾಹಿಯ ನ್ಯಾಯದಲ್ಲಿ ಮನುಷ್ಯರ ನೆತ್ತರಿಗಿಂತ ಬೊಕ್ಕಸದ ಲೆಕ್ಕವೇ ದೊಡ್ಡದು.

ಈ ಚಿತ್ರಗಳಲ್ಲಿ ಕಾಣದ ಮಾತೊಂದಿದೆ. ಅವನು ಜೈಲು ಸೇರಿದ ಮೇಲೆ, 1934ರಲ್ಲಿ, ಅವನ ತಂಡದವರು ಸಿನಿಮಾ ಕೆಲಸಗಾರರ ಸಂಘವನ್ನೇ ಕಬಳಿಸಿದರು. ತಮ್ಮವನನ್ನು ಅಧ್ಯಕ್ಷನಾಗಿ ಕೂರಿಸಿದರು. ಸದಸ್ಯರ ಕೂಲಿಯಲ್ಲಿ ನೂರಕ್ಕೆ ಎರಡರಂತೆ ವಸೂಲಿ ನಡೆಯಿತು. ಮುಷ್ಕರವಾಗದಂತೆ ನೋಡಿಕೊಳ್ಳಲು ಹಾಲಿವುಡ್ಡಿನ ಮಾಲೀಕರಿಂದ ಬೇರೆ ಹಣ! ಕೂಲಿ ಏರಿಸುವುದಕ್ಕಿಂತ ಗೂಂಡಾನಿಗೆ ತೆರುವುದು ಅಗ್ಗವೆಂದು ಕಂಡ ಮಾಲೀಕರು ತೆತ್ತರು. 1941ರಲ್ಲಿ ಆ ಅಧ್ಯಕ್ಷನೂ ಅವನ ಬಲಗೈಯೂ ಸುಲಿಗೆಯ ಅಪರಾಧಕ್ಕೆ ಶಿಕ್ಷೆಗೊಳಗಾದರು. ಗೂಂಡಾನನ್ನು ನಾಯಕನನ್ನಾಗಿ ಮೆರೆಸಿದ ಉದ್ಯಮದ ಕೂಲಿಯವರನ್ನೇ ಅವನ ತಂಡ ಮಾರಿತ್ತು.

ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ! ಗೂಂಡಾ ಮಾಲೀಕನ ಶತ್ರುವಲ್ಲ, ದಲ್ಲಾಳಿ. ಗಂಜಿ ಹೊಯ್ಯುವ ಕೈಯನ್ನು ಮೊದಲು ನೋಡಿರಿ. ನಿಮ್ಮ ಸಂಘದ ಲೆಕ್ಕವನ್ನು ಸದಸ್ಯರೆಲ್ಲರ ಮುಂದೆ ಓದಿಸಿರಿ. ನಮಗೆ ದಾದಾ ಬೇಡ, ಸಂಘ ಬೇಕು!