ಸ್ನಾಯುವಿನ ವಿಶ್ರಾಂತಿ: ಒಂದು ಅರ್ಧ ಪಾಠ

ಸ್ನಾಯು ಸಂಕುಚಿಸುವುದು ಹೇಗೆ ಎಂಬುದಕ್ಕೆ ಪಿಯುಸಿ ಜೀವಶಾಸ್ತ್ರದ ಪುಸ್ತಕಗಳು ಧಾರಾಳವಾಗಿ ಪುಟಗಳನ್ನು ಕೊಡುತ್ತವೆ. ಅದೇ ಸ್ನಾಯು ಸುಮ್ಮನಿರುವುದು ಹೇಗೆ ಎಂಬುದಕ್ಕೆ ಸಿಗುವುದು ಒಂದೆರಡು ವಾಕ್ಯ ಮಾತ್ರ. ಆಕ್ಟಿನ್ ತಂತುವಿನ ಮೇಲಿನ ಬಂಧನಸ್ಥಾನಗಳು ಮುಚ್ಚಿರುತ್ತವೆ, ಕ್ಯಾಲ್ಸಿಯಂ ಬಂದು ಟ್ರೋಪೊನಿನ್ನಿಗೆ ಅಂಟಿದೊಡನೆ ತೆರೆದುಕೊಳ್ಳುತ್ತವೆ, ಅಲ್ಲಿಗೆ ಮುಗಿಯಿತು. ಬಾಗಿಲು ಮುಚ್ಚಿದೆ, ಪಾಪ, ಮಯೊಸಿನ್ ಹೊರಗೆ ಕೈಚಾಚಿಕೊಂಡು ಕಾಯುತ್ತಿದೆ! ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಅಧ್ಯಾಪಕರಾಗಿದ್ದಾರೆ. ಅವರೊಡನೆ ಈ ವಿಷಯದಲ್ಲಿ ನನಗೊಂದು ಜಗಳವಿದೆ.

ಆ ವಾಕ್ಯಗಳು ಸುಳ್ಳಲ್ಲ. 1960ರ ದಶಕದಲ್ಲಿ ಜಪಾನಿನ ಸೆತ್ಸುರೋ ಎಬಾಶಿ ಟ್ರೋಪೊನಿನ್ನನ್ನು ಕಂಡುಹಿಡಿದದ್ದು ದೊಡ್ಡ ಸಾಧನೆಯೇ. ಆದರೆ ಅದು ಅರ್ಧ ಪಾಠ. ಉಳಿದರ್ಧ ಮಯೊಸಿನ್ನಿನೊಳಗೇ ಇದೆ.

ಮಯೊಸಿನ್ ಅಣುವಿಗೆ ಎರಡು ತಲೆಗಳು, ಒಂದು ಉದ್ದನೆಯ ಬಾಲ. ವಿಶ್ರಾಂತಿಯಲ್ಲಿ ಬಹಳಷ್ಟು ಅಣುಗಳ ತಲೆಗಳು ಹಿಂದಕ್ಕೆ ಬಾಗಿ ತಮ್ಮದೇ ಬಾಲದ ಮೇಲೆ ಒರಗಿರುತ್ತವೆ. ಇದನ್ನು ತರಗತಿಯಲ್ಲಿ ತೋರಿಸಲು ಯಾವ ಉಪಕರಣವೂ ಬೇಡ. ಬಲ ಅಂಗೈಯನ್ನು ಎಡ ಮಣಿಕಟ್ಟಿನ ಮೇಲೆ ಒತ್ತಿ ಹಿಡಿದು, ಎರಡೂ ಕೈಗಳನ್ನು ಎದೆಗೆ ಆನಿಸಿಕೊಳ್ಳಿ. ಎದೆಯೇ ಬಾಲ. ಬಲ ಅಂಗೈ ಆಕ್ಟಿನ್ನನ್ನು ಹಿಡಿಯಬೇಕಾದ ಮುಖ. ಅದೀಗ ಜೊತೆಗಾರ ತಲೆಯ ಮೇಲೆ ಹುದುಗಿದೆ. ಎಡಗೈಯ ಅಂಗೈ ಬಿಡುವಾಗಿಯೇ ಇದೆ, ಆದರೆ ಮಣಿಕಟ್ಟು ಸಿಕ್ಕಿಬಿದ್ದಿರುವುದರಿಂದ ತಿರುಗಲಾರದು. ಎರಡು ಯಂತ್ರಗಳು ಒಂದನ್ನೊಂದು ಕಟ್ಟಿಹಾಕಿವೆ. ಈ ಮಡಿಕೆಯನ್ನು ನುಣುಪು ಸ್ನಾಯುವಿನ ಮಯೊಸಿನ್ನಿನಲ್ಲಿ ಗುರುತಿಸಿದ್ದು 2001ರಲ್ಲಿ. 2005ರಲ್ಲಿ ಅದು ಟರಾಂಟುಲಾ ಎಂಬ ದೈತ್ಯ ಜೇಡದ ಸ್ನಾಯುತಂತುವಿನಲ್ಲಿ ಕಂಡಿತು (ಜೇಡನಿಂದ ಪಾಠ ಕಲಿಯಲು ನಾಚಿಕೆಯೇನು?). 2023ರಲ್ಲಿ ಮನುಷ್ಯ ಹೃದಯದ ತಂತುವಿನಲ್ಲಿಯೂ ಅದನ್ನು ವಿವರವಾಗಿ ಚಿತ್ರಿಸಿದರು.

ಹೀಗೆ ಮಡಚಿಕೊಳ್ಳುವುದರಿಂದ ಏನು ಲಾಭ? ಸಿಗ್ನಲ್ಲಿನಲ್ಲಿ ನಿಂತ ಆಟೋ ಇಂಜಿನ್ ಆರಿಸದಿದ್ದರೆ ಪೆಟ್ರೋಲು ಸುಡುತ್ತಲೇ ಇರುತ್ತದೆ. ರೋಜರ್ ಕುಕ್ ಮತ್ತು ಅವರ ಸಂಗಡಿಗರು 2010ರಲ್ಲಿ ಮೊಲದ ಸ್ನಾಯುವಿನಲ್ಲಿ ಅಳೆದು ನೋಡಿದಾಗ, ವಿಶ್ರಾಂತಿಯಲ್ಲಿರುವ ಮಯೊಸಿನ್ನುಗಳಲ್ಲಿ ಒಂದು ದೊಡ್ಡ ಪಾಲು ಒಂದೊಂದು ಎಟಿಪಿಯನ್ನು ಬಳಸಲು ಸುಮಾರು 230 ಸೆಕೆಂಡು, ಅಂದರೆ ಹೆಚ್ಚುಕಡಿಮೆ 4 ನಿಮಿಷ, ತೆಗೆದುಕೊಳ್ಳುತ್ತಿದ್ದವು. ಸಾಮಾನ್ಯ ವಿಶ್ರಾಂತಿಯ ವೇಗಕ್ಕಿಂತ ಇದು ಸುಮಾರು 10 ಪಟ್ಟು ನಿಧಾನ. ಈ ಮಂದಗತಿಗೂ ಆ ಮಡಿಕೆಗೂ ಎಷ್ಟರಮಟ್ಟಿಗೆ ನೇರ ಸಂಬಂಧ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ; ನಡೆಯಲಿ. ದೇಹತೂಕದಲ್ಲಿ ನೂರಕ್ಕೆ 40ರಷ್ಟು ಅಸ್ಥಿಸ್ನಾಯುವೇ ಇರುವಾಗ ಈ ಉಳಿತಾಯ ಸಣ್ಣದಲ್ಲ.

ಮುಚ್ಚಿದ ಬಾಗಿಲಿನ ಕಥೆಯೊಂದೇ ಸಾಲದು ಎಂಬುದಕ್ಕೆ ಇನ್ನೊಂದು ಸಾಕ್ಷ್ಯವಿದೆ. 2015ರ ಕ್ಷಕಿರಣ ಪ್ರಯೋಗಗಳ ಪ್ರಕಾರ, ಕ್ಯಾಲ್ಸಿಯಂ ಬಂದು ಬಾಗಿಲು ತೆರೆದ ಮೇಲೂ ಭಾರ ಕಡಿಮೆಯಿದ್ದರೆ ಅನೇಕ ತಲೆಗಳು ಮಡಚಿಕೊಂಡೇ ಇರುತ್ತವೆ. ಮಯೊಸಿನ್ ತಂತುವಿನ ಮೇಲೆ ಎಳೆತ ಹೆಚ್ಚಿದಂತೆ ಮಾತ್ರ ಅವು ಬಿಚ್ಚಿಕೊಳ್ಳುತ್ತವೆ.

"ಮೇಷ್ಟ್ರೇ, ಇದೆಲ್ಲ ಮಕ್ಕಳಿಗೆ ಕಷ್ಟ" ಎಂಬುದು ನಾನು ಪದೇ ಪದೇ ಕೇಳುವ ಉತ್ತರ. ಕ್ರೆಬ್ಸ್ ಚಕ್ರದ ಅಷ್ಟೂ ಆಮ್ಲಗಳ ಹೆಸರನ್ನು ಉರುಹೊಡೆಯುವ ಮಕ್ಕಳಿಗೆ ಕೈಕಟ್ಟಿ ಕೂರುವುದು ಕಷ್ಟವೇ?

ವಾಸ್ತವವಾಗಿ ನನ್ನ ಸಿಟ್ಟಿಗೆ ಕಾರಣ ಹೃದಯ. ಸುಮಾರು 500 ಜನರಲ್ಲಿ ಒಬ್ಬರ ಹೃದಯದ ಗೋಡೆ ವಂಶಪಾರಂಪರ್ಯವಾಗಿ ದಪ್ಪಗಾಗುತ್ತದೆ. ಆಟದ ಮೈದಾನದಲ್ಲಿ ತರುಣರು ಹಠಾತ್ತನೆ ಕುಸಿದು ಸಾಯುವ ಪ್ರಕರಣಗಳಲ್ಲಿ ಕೆಲವಕ್ಕೆ ಇದೇ ಕಾರಣ. ಈ ಹೃದಯ ಬಲಹೀನವಲ್ಲ. ಹಿಂಡುವುದು ಅತಿಯಾಗಿ, ಸಡಿಲಗೊಳ್ಳುವುದು ಬರದಾಗಿದೆ. ಇದಕ್ಕೆ ಕಾರಣವಾಗುವ ವಂಶವಾಹಿ ದೋಷಗಳಲ್ಲಿ ಬಹುಪಾಲು ಇರುವುದು ಮಯೊಸಿನ್ನಿನಲ್ಲಿ, ಇಲ್ಲವೇ ಅದರ ತಲೆಗಳನ್ನು ಮಡಚಿಡಲು ನೆರವಾಗುವ ಸಿ-ಪ್ರೋಟೀನಿನಲ್ಲಿ. ಹಲವು ದೋಷಗಳು ಮಡಿಕೆಯನ್ನೇ ಸಡಿಲಿಸಿ ಹೆಚ್ಚು ತಲೆಗಳನ್ನು ಕೆಲಸಕ್ಕೆ ಬಿಡುತ್ತವೆ ಎಂಬುದು ಈಗ ಬಲವಾದ ಅಭಿಪ್ರಾಯ. ನಮಗಿದು ದೂರದ ಮಾತೂ ಅಲ್ಲ. ಸಿ-ಪ್ರೋಟೀನಿನ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋದ ಒಂದು ರೂಪ ನಮ್ಮ ಉಪಖಂಡದ ಜನರಲ್ಲಿ ನೂರಕ್ಕೆ ಸುಮಾರು 4 ಮಂದಿಯಲ್ಲಿದೆ ಎಂದು 2009ರಲ್ಲೇ ಪ್ರಕಟವಾಗಿದೆ. ಅದು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬಂಧುಗಳು ಗಾಬರಿಯಾಗಿ ಫೋನು ಮಾಡಬೇಡಿ.

2022ರ ಏಪ್ರಿಲಿನಲ್ಲಿ ಅಮೆರಿಕ ಮ್ಯಾವಾಕ್ಯಾಮ್ಟೆನ್ ಎಂಬ ಔಷಧಕ್ಕೆ ಅನುಮತಿ ನೀಡಿತು. ದಪ್ಪಗಾದ ಗೋಡೆ ರಕ್ತದ ಹೊರಹರಿವಿಗೆ ಅಡ್ಡಿಯಾದ ರೋಗಿಗಳಿಗೆ ಅದನ್ನು ಕೊಡುತ್ತಾರೆ. ಅದು ಟ್ರೋಪೊನಿನ್ನಿನ ಗೊಡವೆಗೆ ಹೋಗುವುದಿಲ್ಲ. ನೇರವಾಗಿ ಮಯೊಸಿನ್ನನ್ನು ಹಿಡಿದು ಮಡಚಿ ಕೂರಿಸುತ್ತದೆ. ಈ ಔಷಧವನ್ನು ಬರೆದುಕೊಡಬೇಕಾದ ನಾಳಿನ ವೈದ್ಯರು ಇಂದು ನಿಮ್ಮ ತರಗತಿಯಲ್ಲಿದ್ದಾರೆ. ಪರೀಕ್ಷೆಯಲ್ಲಿ ಕೇಳುವುದಿಲ್ಲ ಎನ್ನುತ್ತೀರಿ, ಬಲ್ಲೆ. ಆ ಪಾಠ ಬಂದ ದಿನ ಟ್ರೋಪೊನಿನ್ನಿನ ಚಿತ್ರ ಬರೆದು ಮುಗಿಸಿದ ಮೇಲೆ, ಗಂಟೆ ಹೊಡೆಯುವ ಮುನ್ನ, ಎರಡು ನಿಮಿಷ ಉಳಿಸಿಕೊಂಡು ಕೈಮಡಚಿ ತೋರಿಸಿ.