ಅಂಟಿಸಿದವರೇ ಬಿಡಿಸಲಿ

ಯಾವುದಕ್ಕೂ ಸುಲಭವಾಗಿ ಅಂಟಿಕೊಳ್ಳದಿರುವುದು ಪಾಲಿಥೀನ್‌ನ ಸ್ವಭಾವ. ಇಂಗಾಲ ಮತ್ತು ಜಲಜನಕಗಳಷ್ಟೇ ಇರುವ ಅದು ಮೇಣದ ಹತ್ತಿರದ ಸಂಬಂಧಿ. ಅದರ ಮೇಲೆ ಬಿದ್ದ ಶಾಯಿ ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಗಟ್ಟುತ್ತದೆ. ಹಾಗಿದ್ದೂ ಅಂಗಡಿಯಲ್ಲಿ ತೂಗುವ ತಿಂಡಿ ಪೊಟ್ಟಣದ ಬಣ್ಣ ಉಜ್ಜಿದರೂ ಹೋಗುವುದಿಲ್ಲ. ಇದು ರಸಾಯನಶಾಸ್ತ್ರದ ವಿಷಯವೆಂದು ನಾವು ಬದಿಗಿಟ್ಟಿದ್ದೇವೆ. ನನ್ನ ದೃಷ್ಟಿಯಲ್ಲಿ ಅದು ಅಷ್ಟೇ ಮಟ್ಟಿಗೆ ಅರ್ಥಶಾಸ್ತ್ರದ ಹಾಗೂ ಆಡಳಿತದ ವಿಷಯ.

ಮುದ್ರಣಕ್ಕೆ ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲ್ಮೈಯನ್ನು ಜ್ವಾಲೆಗೋ ವಿದ್ಯುತ್ ವಿಸರ್ಜನೆಗೋ ಒಡ್ಡಲಾಗುತ್ತದೆ. ಕೆಲವು ಬಳಕೆಗಳಲ್ಲಿ ಪ್ರಬಲ ಆಮ್ಲದಿಂದ ಕೊರೆಯುವುದೂ ಉಂಟು. ಆಗ ಆಮ್ಲಜನಕ ಒಳಸೇರಿ ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಮೊದಲಾದ ಗುಂಪುಗಳು ರೂಪುಗೊಳ್ಳುತ್ತವೆ. ಶಾಯಿಗೂ ಅಂಟಿಗೂ ಹಿಡಿದುಕೊಳ್ಳಲು ಕೈಗಳು ಸಿಕ್ಕಂತಾಗುತ್ತದೆ. ಬದಲಾಗುವುದು ಕೆಲವೇ ನ್ಯಾನೊಮೀಟರ್ ಆಳ. ಪಾಲಿಥೀನ್‌ಗೆ ಮೇಲಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು ಕಸಿ ಮಾಡಿದರೆ ಅದು ಅಲ್ಯೂಮಿನಿಯಂ, ನೈಲಾನ್‌ಗಳಿಗೂ ಅಂಟುತ್ತದೆ. ಹೀಗೆ ಬೇರೆ ಬೇರೆ ಪದರಗಳು ಒಂದಾದ ಪೊಟ್ಟಣದಲ್ಲಿ ತಿಂಡಿ ಬಹುಕಾಲ ಕೆಡದೆ ಉಳಿಯುತ್ತದೆ. ಈ ಉಪಕಾರವನ್ನು ಅಲ್ಲಗಳೆಯಲಾರೆ. ಆದರೆ ಮರುಬಳಕೆಗೆ ಬೇಕಾದದ್ದು ಪದರಗಳನ್ನು ಬಿಡಿಸುವುದು.

ಬಿಡಿಸಲಾಗದ್ದರ ಗತಿಯೇನೆಂದು ತಿಳಿಯಬೇಕಾದವರು ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ಗೆ ಹೋಗಬೇಕು. ಗೋವಾ ಪೋರ್ಚುಗೀಸರ ವಶದಲ್ಲಿದ್ದಾಗ ಈ ಗಡಿ ರೈಲುನಿಲ್ದಾಣದಲ್ಲಿ ಸುಂಕದವರು ಪ್ರತಿ ಗಂಟನ್ನೂ ಬಿಚ್ಚಿ ನೋಡುತ್ತಿದ್ದರು. ಈಗ ದೂಧ್‌ಸಾಗರ ನೋಡಲು ಬರುವವರ ಚೀಲದಲ್ಲಿ ಏನಿದೆಯೆಂದು ಕೇಳುವವರಿಲ್ಲ. ಚಿಂದಿ ಆಯುವವರು ನೀರಿನ ಬಾಟಲಿಯನ್ನು ಎತ್ತಿಕೊಳ್ಳುತ್ತಾರೆ, ಹೊಳೆಯುವ ಪೊಟ್ಟಣವನ್ನು ಮುಟ್ಟುವುದಿಲ್ಲ. ಅವರು ರಸಾಯನಶಾಸ್ತ್ರ ಓದಿದವರಲ್ಲ, ಗುಜರಿ ಅಂಗಡಿಯ ದರ ಬಲ್ಲವರು. ಉಳಿದದ್ದು ಮಳೆಗಾಲದಲ್ಲಿ ಹಳ್ಳದ ಪಾಲು, ಕಾಡಿನ ಪಾಲು.

ಈ ಸೀಮೆಗೆ ಇಂಥ ಲೆಕ್ಕಾಚಾರ ಹೊಸದಲ್ಲ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದ ಕಾರ್ಖಾನೆ ಬಂದಾಗ ಬಿದಿರನ್ನು ಅತ್ಯಲ್ಪ ದರಕ್ಕೆ ಒದಗಿಸಲಾಯಿತು. ಅದರಿಂದ ಬಿದಿರಿಗೆ ಬಂದೊದಗಿದ ಸ್ಥಿತಿಯನ್ನು ಮಾಧವ ಗಾಡ್ಗೀಳರು ವಿವರವಾಗಿ ದಾಖಲಿಸಿದ್ದಾರೆ. ಅಂದು ಕಾಡನ್ನು ಕಚ್ಚಾ ಸರಕಿನ ಕಣಜವಾಗಿ ಅಗ್ಗಕ್ಕೆ ಕೊಟ್ಟೆವು, ಇಂದು ತಿಪ್ಪೆಯಾಗಿ ಪುಕ್ಕಟೆ ಕೊಡುತ್ತಿದ್ದೇವೆ.

ಕಾನೂನು ಇಲ್ಲವೆಂದಲ್ಲ. ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕೆಂದು 2016ರ ಕೇಂದ್ರ ನಿಯಮಗಳು ಹೇಳಿದವು. ಗಡುವು ಮುಗಿಯುವ ವೇಳೆಗೆ, 2018ರಲ್ಲಿ, ತಿದ್ದುಪಡಿ ಬಂತು: ಮರುಬಳಕೆಯಾಗದ, ಶಕ್ತಿ ಉತ್ಪಾದನೆಗೂ ಒದಗದ, ಬೇರಾವ ಉಪಯೋಗವೂ ಇಲ್ಲದ ಪ್ಲಾಸ್ಟಿಕ್‌ಗೆ ಮಾತ್ರ ನಿಷೇಧ. ಸಿಮೆಂಟ್ ಗೂಡಿನಲ್ಲಿ ಸುಡಬಹುದಾದದ್ದೆಲ್ಲ ಇದರಿಂದ ಪಾರಾಯಿತು. ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಒಂದೆರಡು ಪದಗಳು ಮಾಡಬಲ್ಲ ಕೆಲಸ ಗೊತ್ತು. ಆದರೂ ಇದನ್ನು ಓದಿದಾಗ ಬೆರಗಾದೆ. ಕ್ಯಾಸಲ್‌ರಾಕ್‌ನ ಹಳ್ಳದಲ್ಲಿ ಬಿದ್ದ ಪೊಟ್ಟಣವನ್ನು ಸಿಮೆಂಟ್ ಗೂಡಿಗೆ ಸಾಗಿಸುವವರು ಯಾರು?

2022ರ ಮಾರ್ಗಸೂಚಿಗಳು ಉತ್ಪಾದಕರ ಹೊಣೆಯನ್ನು ಪ್ರಮಾಣಪತ್ರಗಳ ಮೂಲಕ ವಿಧಿಸಿವೆ. ಇದು ಸ್ವಾಗತಾರ್ಹ, ಆದರೆ ಸಾಲದು. ಸಮಾಜದ ಮೇಲೆ ಬೀಳುವ ವೆಚ್ಚವನ್ನು ತೆರಿಗೆಯ ಮೂಲಕ ಉತ್ಪಾದಕನಿಗೇ ಹಿಂತಿರುಗಿಸಬೇಕೆಂದು ಪಿಗೂ 1920ರಲ್ಲೇ ವಾದಿಸಿದ್ದರು. ಆ ತರ್ಕದಂತೆ, ಪದರಗಳನ್ನು ಬಿಡಿಸುವುದು ಎಷ್ಟು ಕಷ್ಟವೋ ಪೊಟ್ಟಣದ ಮೇಲಿನ ಶುಲ್ಕವೂ ಅಷ್ಟು ಹೆಚ್ಚಿರಬೇಕು. ಒಂದೇ ಜಾತಿಯ ಪ್ಲಾಸ್ಟಿಕ್‌ನಿಂದ ಪೊಟ್ಟಣ ತಯಾರಿಸಿ, ತೊಳೆದರೆ ಬಿಡುವ ಶಾಯಿ ಬಳಸುವ ತಂತ್ರಜ್ಞಾನ ಈಗಾಗಲೇ ಇದೆ. ಗಾಳಿ ಮತ್ತು ತೇವವನ್ನು ತಡೆಯುವ ಅದರ ಗುಣ ಕೊಂಚ ಕಡಿಮೆಯಾಗಬಹುದು, ತಿಂಡಿಯ ಬಾಳಿಕೆ ಕೆಲವು ವಾರ ತಗ್ಗಬಹುದು. ಆ ನಷ್ಟ ಕಂಪನಿಯ ಲೆಕ್ಕಪುಸ್ತಕದಲ್ಲಿ ಕಾಣಿಸಿಕೊಳ್ಳಲಿ. ಇಂದು ದಂಡ ತೆರುತ್ತಿರುವವನು ಪೆಟ್ಟಿಗೆ ಅಂಗಡಿಯವನು, ಅವನಿಗೆ ಪೊಟ್ಟಣದ ವಿನ್ಯಾಸದಲ್ಲಿ ಯಾವ ಮಾತೂ ಇಲ್ಲ.

ಇನ್ನೊಂದು ಮಾತು. ಹೀಗೆ ಸಂಗ್ರಹವಾದ ಶುಲ್ಕದಲ್ಲಿ ನಿಗದಿತ ಪಾಲು ಕಾಡಂಚಿನ ಗ್ರಾಮ ಪಂಚಾಯಿತಿಗಳ ಖಾತೆಗೆ ನೇರವಾಗಿ ಜಮೆಯಾಗುವಂತೆ ನಿಯಮದಲ್ಲೇ ಬರೆಯಬೇಕು. ಬರೆಯದಿದ್ದರೆ ಆ ಹಣ ರಾಜಧಾನಿ ದಾಟುವುದಿಲ್ಲವೆಂಬುದನ್ನು ಸೇವಾನುಭವದಿಂದ ಹೇಳುತ್ತಿದ್ದೇನೆ.